ಮುಚ್ಚಿಡಬೇಡಿ, ಬಾಯಿಬಿಟ್ಟು ಕೇಳಿ

ಮಕ್ಕಳು ದೊಡ್ಡವರಾದರು, ಮತ್ತೆ ಕೆಲಸಕ್ಕೆ ಸೇರೋಣ ಎಂದು ಹೊರಟಿದ್ದೀರಾ? ಜತೆಗೆ ಸಕ್ಕರೆ ಕಾಯಿಲೆ, ದಿನವೂ ಇನ್ಸುಲಿನ್. 'ಹೇಳಿದ್ರೆ ಕೆಲಸಾನೇ ಕೊಡಲ್ಲ' ಎಂಬ ಭಯ ಸಹಜವೇ. ಆದರೆ ಊಟ ತಡವಾಗಿ ಸಕ್ಕರೆ ಅಂಶ 70ಕ್ಕಿಂತ ಕೆಳಗಿಳಿದರೆ ಕೈ ನಡುಗುತ್ತದೆ, ಬೆವರುತ್ತದೆ; ಇನ್ನೂ ಇಳಿದರೆ ಎಚ್ಚರ ತಪ್ಪಬಹುದು. ಆಗ ಪಕ್ಕದಲ್ಲಿರುವವರಿಗೆ ಏನೂ ಗೊತ್ತಿಲ್ಲದಿದ್ದರೆ?

ನೇಮಕದ ಪತ್ರ ಕೈಗೆ ಬಂದ ಮೇಲೆ, ಕೆಲಸಕ್ಕೆ ಸೇರುವ ಮೊದಲೇ ಮಾತಾಡಿ. ಕಾಯಿಲೆಯ ಪುರಾಣ ಬೇಡ. ಹೊತ್ತಿಗೆ ಸರಿಯಾಗಿ ಊಟ, ಇನ್ಸುಲಿನ್ ಚುಚ್ಚಿಕೊಳ್ಳಲು ಚೊಕ್ಕಟ ಜಾಗ, ಮೇಜಿನಲ್ಲಿ ಗ್ಲೂಕೋಸ್ – ಬೇಕಾದ್ದಿಷ್ಟನ್ನು ವೈದ್ಯರ ಚೀಟಿ ಲಗತ್ತಿಸಿ ಬರಹದಲ್ಲೇ ಕೊಡಿ. ಸಹೋದ್ಯೋಗಿಯೊಬ್ಬರಿಗೂ ತಿಳಿಸಿಡಿ: ಕೈ ನಡುಗಿದರೆ ಮೂರು ಚಮಚ ಸಕ್ಕರೆ ಕದಡಿದ ನೀರು, ಎಚ್ಚರ ತಪ್ಪಿದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸಿದ 21 ವೈಕಲ್ಯಗಳಲ್ಲಿ ಮಧುಮೇಹ ಇಲ್ಲ. ಹಾಗಾಗಿ ಕೇಳಬೇಕಾದವರು ನೀವೇ. ಅಳದಿದ್ದರೆ ಹೆತ್ತ ತಾಯಿಯೂ ಹಾಲು ಕೊಡಳು, ಅಲ್ವೇ?