ತಪ್ಪನ್ನು ಹುಡುಕುವ ವಿದ್ಯೆ

ಮಳೆ ಬೀಳದೆ ಹಳ್ಳದಲ್ಲಿ ನೀರು ಏರಬಲ್ಲುದೆ? ಸಮುದ್ರದ ಉಬ್ಬರ ಮುಟ್ಟದಷ್ಟು ಮೇಲಿರುವ ಹಳ್ಳವಾದರೆ ಏರಲಾರದೆಂದು ಅಂಕೋಲೆಯ ಯಾವ ರೈತನಾದರೂ ಹೇಳಿಯಾನು. ಆದರೆ ನಮ್ಮ ವಿದ್ಯಾರ್ಥಿಗಳು ಅಂಥದೊಂದು ಹಳ್ಳದ ಸಂಕದ ಕೆಳಗೆ ಕಟ್ಟಿದ ಉಪಕರಣವು, ಮಳೆಗಾಲ ಮುಗಿದು ಆಕಾಶ ತಿಳಿಯಾಗಿದ್ದ ದಿನಗಳಲ್ಲಿ, ಪ್ರತಿ ಮಧ್ಯಾಹ್ನವೂ ನೀರು ಸುಮಾರು 6 ಸೆಂಟಿಮೀಟರ್ ಏರಿತೆಂದೂ ನಸುಕಿನ ವೇಳೆಗೆ ಮತ್ತೆ ಇಳಿಯಿತೆಂದೂ ಬರೆದಿಟ್ಟಿತು. ಹಳ್ಳವು ಸುಳ್ಳಾಡುವುದಿಲ್ಲ. ಹಾಗಾದರೆ ಸುಳ್ಳಾಡಿದವರು ಯಾರು? ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ನಾವು ಹದಿನೈದು ದಿನ ಕಳೆದೆವು. ಆ ಅವಧಿಯಲ್ಲಿ ನಾವೂ ನಮ್ಮ ವಿದ್ಯಾರ್ಥಿಗಳೂ ಕಲಿತ ಭೌತವಿಜ್ಞಾನವು ಒಂದು ವರ್ಷದ ಪಾಠಕ್ಕೆ ಕಡಿಮೆಯಾದುದಲ್ಲವೆಂದು ನಮಗೆ ತೋರಿದೆ. ಹಾಗಿದ್ದೂ ಇಂಥ ಕಲಿಕೆಗೆ ನಮ್ಮ ವಿದ್ಯಾಲಯಗಳಲ್ಲಿ ಒಂದು ಅಂಕವೂ ಇಲ್ಲವೆಂಬುದೇ ನಮ್ಮ ದೂರು.

ಮೊದಲು ಉಪಕರಣದ ಪರಿಚಯವಾಗಲಿ. ಅಂಗೈಯಗಲದ ಒಂದೇ ಹಲಗೆಯ ಮೇಲೆ ಗಣಕದ ಅಂಗಾಂಗಗಳೆಲ್ಲವೂ ಅಡಕವಾಗಿರುವ ಏಕಫಲಕ ಗಣಕಗಳು ಈಗ ವಿದ್ಯಾರ್ಥಿಗಳ ಕೈಗೆ ನಿಲುಕುವ ವಸ್ತುಗಳಾಗಿವೆ. ಎಳೆಯರಿಗೆ ಗಣಕವಿದ್ಯೆಯನ್ನು ಕಲಿಸಲೆಂದು ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿ ರೂಪುಗೊಂಡ ರಾಸ್ಪ್‌ಬೆರಿ ಪೈ 2012ರ ಫೆಬ್ರುವರಿ 29ರಂದು ಮಾರುಕಟ್ಟೆಗೆ ಬಂದಿತು. ಇದರ ಅಂಚಿನಲ್ಲಿ ಸಾಲಾಗಿ ನಿಂತಿರುವ ಪಿನ್ನುಗಳಿಗೆ ಸಂವೇದಕಗಳನ್ನು, ಎಂದರೆ ಉಷ್ಣತೆ, ತೇವ, ದೂರ ಮುಂತಾದುವನ್ನು ವಿದ್ಯುತ್ಸಂಕೇತವಾಗಿ ಮಾರ್ಪಡಿಸುವ ಸಾಧನಗಳನ್ನು, ಜೋಡಿಸಬಹುದು. ನಮ್ಮ ಸಂಕದ ಕೆಳಗಿದ್ದುದು ಎಚ್‌ಸಿ-ಎಸ್‌ಆರ್04 ಎಂಬ ಸಂವೇದಕ. ಅದು ಸೆಕೆಂಡಿಗೆ 40,000 ಕಂಪನಗಳ, ಮನುಷ್ಯನ ಕಿವಿಗೆ ಕೇಳಿಸದ, ಧ್ವನಿಯನ್ನು ನೀರಿನೆಡೆಗೆ ಹೊಮ್ಮಿಸುತ್ತದೆ. ಪ್ರತಿಧ್ವನಿ ಮರಳುವವರೆಗಿನ ಕಾಲವನ್ನು ಗಣಕವು ಅಳೆದು, ಅದನ್ನು ಧ್ವನಿಯ ವೇಗದಿಂದ ಗುಣಿಸಿ, ಎರಡರಿಂದ ಭಾಗಿಸಿ ದೂರವನ್ನು ಹೇಳುತ್ತದೆ. ಹತ್ತನೆಯ ತರಗತಿಯ ಹುಡುಗನೂ ಮಾಡಬಲ್ಲ ಲೆಕ್ಕವಿದು.

ಕೆಲಸದ ಮೊದಲನೆಯ ವಾರದಲ್ಲೇ ಒಂದು ಹಲಗೆಯ ಪಿನ್ನು ನಮ್ಮ ಅಜಾಗ್ರತೆಯಿಂದ ಸುಟ್ಟುಹೋಯಿತು. ಸಂವೇದಕವು ಮರುತ್ತರವಾಗಿ 5 ವೋಲ್ಟ್ ಕಳುಹಿಸುತ್ತದೆ. ಗಣಕದ ಪಿನ್ನು ತಾಳಬಲ್ಲುದು 3.3 ವೋಲ್ಟ್ ಮಾತ್ರ. ನಡುವೆ 1000 ಓಮ್ ಮತ್ತು 2000 ಓಮ್‌ಗಳ ಎರಡು ರೋಧಕಗಳನ್ನಿಟ್ಟು ವೋಲ್ಟೇಜನ್ನು ಮೂರರಲ್ಲಿ ಎರಡು ಪಾಲಿಗೆ ಇಳಿಸಿದ್ದರೆ ಸಾಕಾಗಿತ್ತು. ವಿಭವ ವಿಭಾಜಕದ ಸೂತ್ರವನ್ನು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆದಿದ್ದ ವಿದ್ಯಾರ್ಥಿಯೇ ಆ ತಂತಿಯನ್ನು ಜೋಡಿಸಿದ್ದನೆಂಬುದು ಗಮನಾರ್ಹ. ಸೂತ್ರವನ್ನು ಬಲ್ಲುದು ಬೇರೆ, ಅದು ತನ್ನ ಕೈಯಲ್ಲಿರುವ ತಂತಿಗೂ ಅನ್ವಯಿಸುವುದೆಂದು ತಿಳಿಯುವುದು ಬೇರೆ.

ಇನ್ನು ಮಧ್ಯಾಹ್ನದ ಆ ಮಾಯದ ಉಬ್ಬರದ ಸಂಗತಿ. ಎಲ್ಲರೂ ಮೊದಲು ಗುಮಾನಿಪಟ್ಟುದು ತಂತ್ರಾಂಶದ ಮೇಲೆ. ಒಬ್ಬನು ಅಂತರಜಾಲದಿಂದ ಇನ್ನೊಂದು ಪ್ರೋಗ್ರಾಮನ್ನು ತಂದು ಹಾಕಿದನು. ಇನ್ನೊಬ್ಬನು ಕಾರ್ಯವ್ಯವಸ್ಥೆಯನ್ನೇ ಅಳಿಸಿ ಹೊಸದಾಗಿ ತುಂಬಿದನು. ಮೂರನೆಯವಳು ಸಂವೇದಕವನ್ನು ಬದಲಿಸಿದಳು. ಎರಡು ದಿನಗಳ ಕೊನೆಯಲ್ಲಿ ಯಾರು ಏನನ್ನು ಬದಲಿಸಿದರೆಂಬುದೇ ಯಾರಿಗೂ ನೆನಪಿರಲಿಲ್ಲ. ನೀರು ಮಾತ್ರ ಎಂದಿನಂತೆ ಮಧ್ಯಾಹ್ನಕ್ಕೆ ಏರುತ್ತಿತ್ತು. ಆಗ ನಾವು ಒಂದು ನಿಯಮ ಮಾಡಿದೆವು: ಒಂದು ಸಲಕ್ಕೆ ಒಂದನ್ನೇ ಬದಲಿಸತಕ್ಕುದು; ಬದಲಿಸುವ ಮುನ್ನ ಏನಾಗಬಹುದೆಂಬ ಊಹೆಯನ್ನೂ, ಬದಲಿಸಿದ ಮೇಲೆ ಏನಾಯಿತೆಂಬುದನ್ನೂ ಪುಸ್ತಕದಲ್ಲಿ ಬರೆಯತಕ್ಕುದು.

ಪುಸ್ತಕ ಆರಂಭವಾದೊಡನೆ ಒಂದು ದೋಷ ಸಿಕ್ಕಿತು. ಮೊಬೈಲಿನ ಹಳೆಯ ಚಾರ್ಜರು ಮತ್ತು ತೆಳುವಾದ ಉದ್ದನೆಯ ತಂತಿಯ ಮೂಲಕ ಗಣಕಕ್ಕೆ ತಲುಪುತ್ತಿದ್ದ ವೋಲ್ಟೇಜು ಕೆಲವೊಮ್ಮೆ 4.63ಕ್ಕಿಂತ ಕೆಳಗಿಳಿಯುತ್ತಿತ್ತು. ಹಾಗೆ ಇಳಿದಾಗ ಗಣಕವು ತಾನೇ ಎಚ್ಚರಿಕೆಯನ್ನು ದಾಖಲಿಸುತ್ತದೆ; ನಾವು ಅದನ್ನು ಓದಿರಲಿಲ್ಲ. ತಂತಿಯ ರೋಧದಲ್ಲಿ ವೋಲ್ಟೇಜು ಕಳೆದುಹೋಗುವುದೆಂಬುದು ಓಮ್ ನಿಯಮದ ಮೊದಲ ಪಾಠವಲ್ಲವೆ! ದಪ್ಪ ತಂತಿ ಹಾಕಿದೆವು, ಎಚ್ಚರಿಕೆ ನಿಂತಿತು. ನೀರಿನ ಏರಿಳಿತ ನಿಲ್ಲಲಿಲ್ಲ. ಸಿಕ್ಕಿದ್ದು ನಿಜವಾದ ದೋಷವೇ. ನಾವು ಹುಡುಕುತ್ತಿದ್ದ ದೋಷವಲ್ಲ.

ಆಮೇಲೆ ಒಬ್ಬ ವಿದ್ಯಾರ್ಥಿನಿ, "ಸರ್, ನೀರನ್ನು ಬಿಟ್ಟುಬಿಡೋಣ. ಗೋಡೆಯನ್ನು ಅಳೆಯೋಣ" ಎಂದಳು. ಆ ಹದಿನೈದು ದಿನಗಳಲ್ಲಿ ಆಡಿದ ಅತ್ಯಂತ ವಿವೇಕದ ಮಾತು ಅದು. ಸಂವೇದಕವನ್ನು ಗೋಡೆಯೆದುರು ಟೇಪಿನಿಂದ ಅಳೆದು ಸರಿಯಾಗಿ 3 ಮೀಟರ್ ದೂರದಲ್ಲಿ ನಿಲ್ಲಿಸಿದೆವು. ಗೋಡೆಗೆ ಉಬ್ಬರವಿಲ್ಲ, ಇಳಿತವಿಲ್ಲ. ಮುಂಜಾನೆ ಅದು 2.99 ಮೀಟರ್ ಎಂದಿತು, ಮಧ್ಯಾಹ್ನ 2.92 ಎಂದಿತು. ಹಳ್ಳ ನಿರಪರಾಧಿಯೆಂದು ಅಂದೇ ತೀರ್ಮಾನವಾಯಿತು.

ಅಪರಾಧಿ ನಡುವಿನ ಗಾಳಿ. ಧ್ವನಿಯ ವೇಗವು ಗಾಳಿಯ ಉಷ್ಣತೆಯೊಡನೆ ಹೆಚ್ಚುವುದು: 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 331 ಮೀಟರ್ ಇದ್ದು, ಪ್ರತಿ ಡಿಗ್ರಿಗೂ ಸುಮಾರು 0.6 ಮೀಟರಿನಂತೆ ಏರುತ್ತದೆ. ನಮ್ಮ ಪ್ರೋಗ್ರಾಮನ್ನು ಬರೆದವರು ಯಾವುದೋ ತಂಪು ನಾಡಿನಲ್ಲಿ ಕುಳಿತು 343 ಎಂಬ ಸಂಖ್ಯೆಯನ್ನು ಹಾಕಿದ್ದರು. ಅದು 20 ಡಿಗ್ರಿಗೆ ಸರಿ. ಅಂಕೋಲೆಯಲ್ಲಿ ನಸುಕಿನ 22 ಡಿಗ್ರಿಗೆ ವೇಗ 344.6 ಆದರೆ, ಮಧ್ಯಾಹ್ನದ 34 ಡಿಗ್ರಿಗೆ 352ರ ಸಮೀಪ. ಧ್ವನಿ ಬೇಗನೆ ಮರಳಿತು. ಗಣಕವು ನೀರು ಹತ್ತಿರ ಬಂದಿದೆಯೆಂದು ಭ್ರಮಿಸಿತು. 3 ಮೀಟರಿಗೆ ಲೆಕ್ಕ ಹಾಕಿದರೆ ವ್ಯತ್ಯಾಸ ಬರುವುದು 6 ಸೆಂಟಿಮೀಟರಿನಷ್ಟೇ. ವಿದ್ಯಾರ್ಥಿಗಳು ಕರಿಹಲಗೆಯ ಮೇಲೆ ಈ ಉತ್ತರ ಬಂದಾಗ ಕೂಗಿದ ಕೂಗು ಪಕ್ಕದ ತರಗತಿಯವರಿಗೂ ಕೇಳಿಸಿತು. ಪಠ್ಯಪುಸ್ತಕದ ಒಂದು ಸಮೀಕರಣ ಅವರ ಕಣ್ಣೆದುರಿನಲ್ಲಿ ಹಳ್ಳವೊಂದನ್ನು ಏರಿಸಿ ಇಳಿಸಿದ್ದಿತು.

ಇಷ್ಟಕ್ಕೆ ಕಥೆ ಮುಗಿಯಲಿಲ್ಲ. ಉಷ್ಣತೆಯನ್ನು ಅಳೆದು ವೇಗವನ್ನು ತಿದ್ದಲು ಡಿಎಸ್18ಬಿ20 ಎಂಬ ಸಂವೇದಕವನ್ನು ಸೇರಿಸಿದೆವು. ಜಜ್ಜಿದ ಮಂಜುಗಡ್ಡೆ ಮತ್ತು ನೀರಿನ ಮಿಶ್ರಣದಲ್ಲಿ ಮುಳುಗಿಸಿ ಅದು ಸೊನ್ನೆಯನ್ನು ತೋರಿಸುವುದೆಂದು ಪರೀಕ್ಷಿಸಿಯೂ ಆಯಿತು. ಆದರೆ ಒಂದು ರಾತ್ರಿ ಅಕಾಲದ ಮಳೆ ಬಂದಾಗ ನೀರು ಒಮ್ಮೆಗೇ ಕಾಲು ಮೀಟರಿಗಿಂತ ಹೆಚ್ಚು ಇಳಿಯಿತೆಂಬ ದಾಖಲೆ ಕಂಡಿತು. ಮಳೆ ಬಂದಾಗ ಹಳ್ಳ ಇಳಿಯುವುದುಂಟೆ? ಪುಸ್ತಕವನ್ನು ತೆರೆದು ನೋಡಲಾಗಿ ಆ ಗಳಿಗೆಯ ಉಷ್ಣತೆ 85 ಡಿಗ್ರಿ ಎಂದಿದ್ದಿತು. ಈ ಸಂವೇದಕಕ್ಕೆ ವಿದ್ಯುತ್ತು ಕಡಿದು ಮತ್ತೆ ಬಂದಾಗ ಅದರ ಸ್ಮೃತಿಯಲ್ಲಿ ಮೊದಲು ಇರುವ ಸಂಖ್ಯೆಯೇ 85. ಹೊಸ ಅಳತೆ ಮುಗಿಯಲು ಮುಕ್ಕಾಲು ಸೆಕೆಂಡು ಬೇಕು. ಅಷ್ಟರೊಳಗೆ ಓದಿದರೆ ಅಳೆಯದ ಉಷ್ಣತೆ ಕೈಗೆ ಬರುತ್ತದೆ. "85 ಬಂದರೆ ಬಿಟ್ಟುಬಿಡು" ಎಂದು ಪ್ರೋಗ್ರಾಮಿನಲ್ಲಿ ಒಂದು ಸಾಲು ಸೇರಿಸಿ ಕೈ ತೊಳೆದುಕೊಳ್ಳಬಹುದಾಗಿತ್ತು. ಆದರೆ ವಿದ್ಯುತ್ತು ಕಡಿದುದೇತಕ್ಕೆ? ಪೆಟ್ಟಿಗೆ ಬಿಚ್ಚಿದಾಗ ತಾಮ್ರದ ತಂತಿಯ ತುದಿಗೆ ಹಸಿರು ಕಿಲುಬು ಹಿಡಿದಿತ್ತು.

1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆಸಿದ ಅಂಕೋಲೆಯವರಿಗೆ ಉಪ್ಪಿನ ಮಹಿಮೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆಗಾಲ ಬಂದಿತೆಂದರೆ ಭರಣಿಯ ಉಪ್ಪು ನೀರೊಡೆಯುವುದನ್ನು ಇಲ್ಲಿನ ಪ್ರತಿಯೊಂದು ಮನೆಯೂ ಬಲ್ಲುದು. ಶುದ್ಧವಾದ ಉಪ್ಪು ಸುಮಾರು 75 ಶೇಕಡಾ ಸಾಪೇಕ್ಷ ಆರ್ದ್ರತೆಯಲ್ಲಿ ಗಾಳಿಯ ತೇವವನ್ನು ಹೀರಿ ಕರಗತೊಡಗುತ್ತದೆ. ಮೆಗ್ನೀಸಿಯಂ ಲವಣಗಳು ಬೆರೆತ ಹರಳುಪ್ಪು ಅದಕ್ಕೂ ಮುಂಚೆಯೇ ಒದ್ದೆಯಾಗುತ್ತದೆ. ಕಡಲಗಾಳಿಯ ಉಪ್ಪಿನ ಕಣಗಳು ತಂತಿಯ ಮೇಲೆ ಕುಳಿತು ಮಾಡುವುದೂ ಇದನ್ನೇ. ಆ ತೆಳುವಾದ ಉಪ್ಪುನೀರಿನ ಪೊರೆಯಲ್ಲಿ ಲೋಹ ಸವೆಯುತ್ತದೆ. ಬೆಂಗಳೂರಿನಲ್ಲಿ ವರ್ಷಗಟ್ಟಲೆ ಬಾಳುವ ಜೋಡಣೆ ಕಾರವಾರದಲ್ಲಿ ಒಂದು ಮಳೆಗಾಲಕ್ಕೆ ಕೆಡುವುದರ ಗುಟ್ಟು ಇದು.

ಕೆಡಿಸುವ ಉಪ್ಪೇ ಪರೀಕ್ಷಕನೂ ಆಗಬಲ್ಲುದೆಂಬುದು ಸ್ವಾರಸ್ಯ. ಕಾರವಾರದ ಕಡಲಂಚಿನಲ್ಲಿ ನಮ್ಮ ಮಿತ್ರರೊಬ್ಬರು ಇಟ್ಟಿದ್ದ ಆರ್ದ್ರತಾಮಾಪಕವು ಆಷಾಢದುದ್ದಕ್ಕೂ 99.9 ಎಂಬ ಒಂದೇ ಸಂಖ್ಯೆಯನ್ನು ತೋರಿಸುತ್ತಿತ್ತು. ಅದು ಗಾಳಿಯ ಸತ್ಯವೋ, ಯಂತ್ರದ ಹಟವೋ? ಮುಚ್ಚಳವಿರುವ ಡಬ್ಬಿಯಲ್ಲಿ ಊಟದ ಉಪ್ಪಿಗೆ ಸ್ವಲ್ಪ ನೀರು ಬೆರೆಸಿ ಮುದ್ದೆಯಂತೆ ಮಾಡಿ, ಸಂವೇದಕವನ್ನು ಉಪ್ಪಿಗೆ ತಾಗದಂತೆ ಮೇಲೆ ತೂಗುಹಾಕಿ, ಒಂದು ರಾತ್ರಿ ಬಿಟ್ಟರೆ ಒಳಗಿನ ಗಾಳಿ ತಾನಾಗಿ 75 ಶೇಕಡಾ ಆರ್ದ್ರತೆಗೆ ಬಂದು ನಿಲ್ಲುತ್ತದೆ. ಅಲ್ಲಿಯೂ ಅದು 90ಕ್ಕೆ ಮೇಲೆಯೇ ತೋರಿಸಿತು. ಕೆಲವು ರೂಪಾಯಿಗಳ ಉಪ್ಪು ಯಂತ್ರದ ಹಟವನ್ನು ಬಯಲಿಗೆಳೆಯಿತು.

ದೋಷ ಹುಡುಕುವುದು ಹವ್ಯಾಸಿಗಳ ಚಿಲ್ಲರೆ ಕೆಲಸವೆಂದು ತಿಳಿಯುವವರು ವಿಜ್ಞಾನದ ಇತಿಹಾಸವನ್ನು ನೋಡಲಿ. 1964ರಲ್ಲಿ ಅಮೆರಿಕೆಯ ಪೆನ್ಜಿಯಸ್ ಮತ್ತು ವಿಲ್ಸನ್ ಎಂಬುವರು ತಮ್ಮ ರೇಡಿಯೊ ಆಂಟೆನಾದಲ್ಲಿ ಕೇಳುತ್ತಿದ್ದ ಒಂದು ಬಿಡದ ಗದ್ದಲಕ್ಕೆ ಕಾರಣ ಹುಡುಕಿದರು. ಜೋಡಣೆಗಳನ್ನು ಪರೀಕ್ಷಿಸಿದರು, ಒಳಗೆ ಗೂಡು ಕಟ್ಟಿದ್ದ ಪಾರಿವಾಳಗಳನ್ನು ಓಡಿಸಿ ಹಿಕ್ಕೆಯನ್ನೂ ತೊಳೆದರು. ಎಲ್ಲ ದೋಷಗಳನ್ನು ಕಳೆದ ಮೇಲೂ ಉಳಿದ ಗದ್ದಲವು ವಿಶ್ವದ ಆದಿಕಾಲದಿಂದ ಉಳಿದುಬಂದ ವಿಕಿರಣವೆಂದು ತಿಳಿಯಿತು. 1978ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಇದಕ್ಕೆ ವಿರುದ್ಧವಾದ ಕಥೆಯೂ ಉಂಟು. 2011ರಲ್ಲಿ ಯೂರೋಪಿನ ಒಪೆರಾ ಪ್ರಯೋಗದವರಿಗೆ ನ್ಯೂಟ್ರಿನೊ ಕಣಗಳು ಬೆಳಕಿಗಿಂತ ವೇಗವಾಗಿ, 60 ನ್ಯಾನೊಸೆಕೆಂಡು ಮೊದಲೇ, ಬಂದಂತೆ ಕಂಡಿತು. ಮರುವರ್ಷ ಹುಡುಕಿದಾಗ ಸಿಕ್ಕ ಮುಖ್ಯ ಕಾರಣ ಸರಿಯಾಗಿ ಕೂರದಿದ್ದ ಒಂದು ಬೆಳಕಿನ ತಂತು. ನಮ್ಮ ಕಿಲುಬು ಹಿಡಿದ ತಂತಿಗೆ ಅದು ದೂರದ ನೆಂಟನೇ ಸರಿ.

ಇದನ್ನೆಲ್ಲ ಇಷ್ಟು ಒತ್ತಿ ಹೇಳಲು ನಮಗೆ ಇನ್ನೊಂದು ಕಾರಣವಿದೆ. 2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿದ್ದಿತು. ಮಣ್ಣು ಗಂಗಾವಳಿ ನದಿಗೂ ನುಗ್ಗಿತು. ಆಚೆ ದಡದ ಉಳುವರೆ ಗ್ರಾಮವೂ ಪೆಟ್ಟು ತಿಂದಿತು. ಹಲವರು ಪ್ರಾಣ ಕಳೆದುಕೊಂಡರು. ಅಂದಿನಿಂದ ವಿದ್ಯಾರ್ಥಿಗಳು ನಮ್ಮನ್ನು ಕೇಳುವ ಪ್ರಶ್ನೆ ಒಂದೇ: ಮಳೆಯನ್ನೂ ಮಣ್ಣಿನ ತೇವವನ್ನೂ ಗುಡ್ಡದ ಓರೆಯನ್ನೂ ಅಳೆದು ಎಚ್ಚರಿಸುವ ಯಂತ್ರವನ್ನು ನಾವು ಮಾಡಬಾರದೇಕೆ? ಈ ಪ್ರಶ್ನೆಯ ಹಿಂದಿರುವ ಮನಸ್ಸು ದೊಡ್ಡದು. ಅದನ್ನು ತಣ್ಣಗಾಗಿಸುವ ಪಾಪವನ್ನು ನಾವು ಮಾಡಲಾರೆವು. ಆದರೆ ಅವರ ಮುಂದೆ ನಾವು ಆ ಹಳ್ಳದ ಪುಸ್ತಕವನ್ನು ತೆರೆದಿಡುತ್ತೇವೆ. ಮಳೆ ಸುರಿಯುತ್ತಿದ್ದಾಗಲೇ ನೀರು ಇಳಿಯಿತೆಂದ ಯಂತ್ರವನ್ನು ನಂಬಿ ಒಂದು ಕುಟುಂಬ ಮನೆಯಲ್ಲೇ ಮಲಗಿದ್ದರೆ? ಬಿಸಿಲಿಗೆ ಏರಿದ ಸಂಖ್ಯೆಯನ್ನು ನಂಬಿ ಮೂರು ಸಲ ಊರು ಬಿಟ್ಟು ಓಡಿದವರು ನಾಲ್ಕನೆಯ ಸಲ ಓಡಿಯಾರೆ?

ಕಾರವಾರ ತಾಲೂಕಿನಲ್ಲಿಯೇ ಇದಕ್ಕೆ ಪಾಠವಿದೆ. ಕೈಗಾ ಅಣುವಿದ್ಯುತ್ ಸ್ಥಾವರದ ಮೊದಲನೆಯ ಘಟಕವು 2018ರ ಕೊನೆಯವರೆಗೆ 962 ದಿನ ಎಡೆಬಿಡದೆ ನಡೆದು ಅಂದಿನ ವಿಶ್ವದಾಖಲೆಯನ್ನು ಸ್ಥಾಪಿಸಿತು. ಇಂಥ ಸ್ಥಾವರಗಳ ರಕ್ಷಣಾವ್ಯವಸ್ಥೆಯಲ್ಲಿ ಒಂದೇ ಮಾಪಕದ ಮಾತನ್ನು ನಂಬುವುದಿಲ್ಲ. ಒಂದನ್ನೇ ಅಳೆಯಲು ಮೂರು ಪ್ರತ್ಯೇಕ ಮಾರ್ಗಗಳಿದ್ದು, ಎರಡಾದರೂ ಒಪ್ಪಿದಾಗ ಕ್ರಮ ಜರುಗುತ್ತದೆ. ಯಂತ್ರವು ಕೆಡುವುದೆಂಬುದನ್ನು ಮೊದಲೇ ಒಪ್ಪಿಕೊಂಡು ಕಟ್ಟಿದ ವ್ಯವಸ್ಥೆ ಅದು. ಆದುದರಿಂದ ವಿದ್ಯಾರ್ಥಿಗಳು ಮಾಪಕಗಳನ್ನು ಧಾರಾಳವಾಗಿ ಮಾಡಲಿ, ಹಳ್ಳವನ್ನೂ ಮಳೆಯನ್ನೂ ವರ್ಷಗಟ್ಟಲೆ ಅಳೆಯಲಿ, ಪರೀಕ್ಷಿಸಿದ ದಾಖಲೆಯನ್ನು ತಿಳಿದವರ ಮುಂದಿಡಲಿ. ಜನರನ್ನು ಎಬ್ಬಿಸುವ ಸೈರನ್ನಿಗೆ ಮಾತ್ರ ಅದನ್ನು ಜೋಡಿಸದಿರಲಿ. ತನ್ನ ಯಂತ್ರದ ತಪ್ಪುಗಳನ್ನು ಪಟ್ಟಿಮಾಡಲಾರದವನಿಗೆ ಇನ್ನೊಬ್ಬರ ಪ್ರಾಣದ ಹೊಣೆ ಹೊರುವ ಅಧಿಕಾರವಿಲ್ಲ.

ಈಗ ನಮ್ಮ ದೂರಿಗೆ ಬರೋಣ. ವಿಜ್ಞಾನ ಪ್ರದರ್ಶನಗಳಲ್ಲಿ ಬಹುಮಾನ ಸಿಗುವುದು ಅಂದು ಓಡಿದ ಮಾದರಿಗೆ. ಸಿದ್ಧ ಭಾಗಗಳನ್ನು ಕೊಂಡು, ಸಿದ್ಧ ಪ್ರೋಗ್ರಾಮನ್ನು ತುಂಬಿ, ಎರಡು ಗಂಟೆ ಮಿನುಗಿಸಿದವನು ಗೆಲ್ಲುತ್ತಾನೆ. ಹದಿನೈದು ದಿನ ಹಳ್ಳದ ಬದಿಯಲ್ಲಿ ಕುಳಿತು, ಕೊನೆಗೆ ಗಾಳಿಯ ಉಷ್ಣತೆಯನ್ನು ಹಿಡಿದವಳ ಪೆಟ್ಟಿಗೆ ಆ ದಿನ ಕೈಕೊಟ್ಟರೆ ಅವಳಿಗೆ ಏನೂ ಇಲ್ಲ. ಪ್ರಾಯೋಗಿಕ ಪರೀಕ್ಷೆಯಲ್ಲಿಯೂ ಉತ್ತರ ಸರಿಬರದಿದ್ದರೆ ತಿದ್ದಿ ಬರೆಯುವ ಚಾಳಿ ಎಲ್ಲರಿಗೂ ತಿಳಿದುದೇ. ಅದನ್ನು ಕಂಡೂ ಕಾಣದಂತಿರುವ ಅಧ್ಯಾಪಕರಲ್ಲಿ ನಾವೂ ಒಬ್ಬರಾಗಿದ್ದೆವೆಂದು ಒಪ್ಪಿಕೊಳ್ಳುತ್ತೇವೆ. ಇದು ಬದಲಾಗಲಿ. ಮಾದರಿಗೆ ಅರ್ಧ ಅಂಕ, ದೋಷದ ಪುಸ್ತಕಕ್ಕೆ ಅರ್ಧ ಅಂಕ ಎಂದಾಗಲಿ. ಪಠ್ಯಕ್ರಮಕ್ಕೆ ಸಮಯವಿಲ್ಲವೆಂದು ಕೆಲವರು ಹೇಳುವರು. ಈ ಮಾತಿನಲ್ಲಿ ನಿಜವಿದೆ. ಆದರೆ ಓಮ್ ನಿಯಮ, ವಿಭವ ವಿಭಾಜಕ, ಧ್ವನಿವೇಗ, ಆರ್ದ್ರತೆ, ಲೋಹದ ಸವೆತ, ಇಷ್ಟನ್ನೂ ಒಂದು ಕೆಟ್ಟ ಪೆಟ್ಟಿಗೆ ಹದಿನೈದು ದಿನಗಳಲ್ಲಿ ಕಲಿಸಿತು. ಅಷ್ಟನ್ನು ಅಷ್ಟು ಬೇಗ ಕಲಿಸುವ ಬೇರೆ ವಿಧಾನ ನಮಗೆ ತಿಳಿಯದು.

ವಿದ್ಯಾರ್ಥಿಮಿತ್ರರಲ್ಲಿ ನಮ್ಮ ಕೋರಿಕೆ ಸಣ್ಣದು. ನಾಳೆ ನಿಮ್ಮ ಯಂತ್ರ ಕೈಕೊಟ್ಟಾಗ ಪ್ರೋಗ್ರಾಮನ್ನು ಅಳಿಸುವ ಮುನ್ನ ಒಂದು ಹಾಳೆಯನ್ನೂ ಪೆನ್ಸಿಲನ್ನೂ ತೆಗೆದುಕೊಳ್ಳಿರಿ. ದಿನಾಂಕ ಬರೆಯಿರಿ. ಏನು ಕಂಡಿತೆಂಬುದನ್ನು ಇದ್ದಂತೆ ಬರೆಯಿರಿ. ಆಮೇಲೆ, ಎಂದೂ ಅಲುಗದ ಗೋಡೆಯೊಂದನ್ನು ಹುಡುಕಿ ಅದನ್ನು ಅಳೆಯಿರಿ.