ಸಾರ್ವಜನಿಕ ವಿಶ್ವಕೋಶದ ಕಾವಲು

ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು ಎಂಬ ನಿಯಮದ ಮೇಲೆ 2001ನೆಯ ಇಸವಿಯಲ್ಲಿ ಆರಂಭವಾದ ವಿಕಿಪೀಡಿಯವು ಇಂದು ಮುನ್ನೂರಕ್ಕೂ ಮಿಕ್ಕ ಭಾಷೆಗಳಲ್ಲಿ ಹಬ್ಬಿದೆ. ಕನ್ನಡದ ಆವೃತ್ತಿಯು 2003ರಲ್ಲಿ ಹುಟ್ಟಿತು. ಬಾಗಿಲು ತೆರೆದಿರುವಲ್ಲಿ ಸಜ್ಜನರೊಡನೆ ದುರ್ಜನರೂ ಒಳಹೋಗುವುದು ಸಹಜವೇ. ಆದುದರಿಂದ ಸರಕಾರದವರು ಈ ಕೋಶವನ್ನು ಅಂಕೆಯಲ್ಲಿಡಬೇಕೆಂದು ಕೆಲವು ಮಹನೀಯರು ಅಭಿಪ್ರಾಯಪಡುತ್ತಾರೆ. ನಮ್ಮ ಅಭಿಪ್ರಾಯವು ಬೇರೆ.

2005ರ ಮೇ ತಿಂಗಳಲ್ಲಿ, ಹೆಸರು ಮರೆಸಿಕೊಂಡ ಒಬ್ಬನು ಜಾನ್ ಸೀಗೆಂಥಾಲರ್ ಎಂಬ ವಯೋವೃದ್ಧ ಅಮೆರಿಕನ್ ಪತ್ರಿಕೋದ್ಯೋಗಿಯ ಜೀವನವೃತ್ತಾಂತದಲ್ಲಿ, ಕೆನೆಡಿ ಸಹೋದರರ ಹತ್ಯೆಗಳಲ್ಲಿ ಇವರ ಮೇಲೆ ಸಂಶಯವಿತ್ತೆಂದು ಶುದ್ಧ ಸುಳ್ಳನ್ನು ಸೇರಿಸಿದನು. ಆ ಅಪವಾದವು ಸುಮಾರು ನಾಲ್ಕು ತಿಂಗಳು ಹಾಗೆಯೇ ಉಳಿಯಿತು. 2022ರ ಸೆಪ್ಟೆಂಬರಿನಲ್ಲಿ, ಏಷ್ಯಾ ಕಪ್ಪಿನ ಪಂದ್ಯದಲ್ಲಿ ಕ್ಯಾಚು ಕೈಬಿಟ್ಟ ಆರ್ಷದೀಪ್ ಸಿಂಗರ ಪುಟದಲ್ಲಿ ದೇಶದ ಹೆಸರನ್ನೇ ಅಳಿಸಿ 'ಖಾಲಿಸ್ತಾನ'ವೆಂದು ಬರೆಯಲಾಯಿತು. ಕೇಂದ್ರ ಸರಕಾರದವರು ಸಂಸ್ಥೆಯ ಅಧಿಕಾರಿಗಳಿಂದ ವಿವರಣೆ ಕೇಳಿದರು. ಆದರೆ ಅದಕ್ಕೂ ಮೊದಲೇ, ಸುಮಾರು ಕಾಲು ಗಂಟೆಯೊಳಗೆ, ಸ್ವಯಂಸೇವಕರು ಆ ಕೊಳೆಯನ್ನು ತೊಳೆದುಹಾಕಿದ್ದರು.

ನಾಲ್ಕು ತಿಂಗಳೆಲ್ಲಿ, ಕಾಲು ಗಂಟೆಯೆಲ್ಲಿ! ಒಂದು ಪುಟದ ಮೇಲೆ ಯಾರ ಕಣ್ಣೂ ಇರಲಿಲ್ಲ. ಮತ್ತೊಂದರ ಮೇಲೆ ಹಲವರ ಕಣ್ಣಿದ್ದಿತು. ಪ್ರತಿಯೊಂದು ಬದಲಾವಣೆಯೂ ಪುಟದ ಇತಿಹಾಸದಲ್ಲಿ ದಾಖಲಾಗಿರುವುದರಿಂದ ಹಳೆಯ ಪಾಠವನ್ನು ಕ್ಷಣದಲ್ಲಿ ಮರಳಿಸಬಹುದು. ಹಟಮಾರಿಯನ್ನು ತಡೆಯುವುದಕ್ಕೂ ಪುಟಕ್ಕೆ ಬೀಗ ಹಾಕುವುದಕ್ಕೂ ನಿರ್ವಾಹಕರಿಗೆ ಅಧಿಕಾರವುಂಟು. ಸಾಧನಗಳಿಗೆ ಕೊರತೆಯಿಲ್ಲ; ಅವನ್ನು ಹಿಡಿಯುವ ಕೈಗಳಿಗೆ ಕೊರತೆ.

ಕಿಡಿಗೇಡಿಗಿಂತಲೂ ಕಠಿನವಾದ ಸಮಸ್ಯೆಯು ಅಜ್ಞಾನದ ಸೇವೆಯದು. ಸ್ಕಾಟ್ಸ್ ಭಾಷೆಯ ಆವೃತ್ತಿಯಲ್ಲಿ, ಆ ಭಾಷೆಯನ್ನೇ ಅರಿಯದ ಒಬ್ಬ ಅಮೆರಿಕನ್ ಹುಡುಗನು ವರ್ಷಗಟ್ಟಲೆ ಕುಳಿತು ಸಾವಿರಾರು ಲೇಖನಗಳನ್ನು ಬರೆದಿದ್ದನೆಂಬುದು 2020ರಲ್ಲಿ ಬಯಲಾಯಿತು. ಅವನಲ್ಲಿ ದುರುದ್ದೇಶವಿರಲಿಲ್ಲ, ಸ್ಕಾಟ್ಸ್ ಬಲ್ಲವರು ಆ ಕಡೆಗೆ ತಿರುಗಿ ನೋಡಿರಲಿಲ್ಲ, ಅಷ್ಟೆ. ಕನ್ನಡದ ಆವೃತ್ತಿಗೂ ಯಂತ್ರದ ನೆರವಿನಿಂದ ಇಂಗ್ಲಿಷಿನಿಂದಿಳಿದ, ಪದಗಳು ಕನ್ನಡವಾಗಿದ್ದು ವಾಕ್ಯಗಳು ಕನ್ನಡವಾಗದ ಬರಹಗಳು ಬಂದುವು. ಇವನ್ನು ಬರೆದವರನ್ನು ನಿಂದಿಸಿ ಫಲವಿಲ್ಲ. ತಪ್ಪನ್ನು ತಿದ್ದಿ, ಕಾರಣವನ್ನು ಸೌಮ್ಯವಾಗಿ ತಿಳಿಸಿದರೆ ಇಂದಿನ ಅನನುಭವಿಯೇ ನಾಳಿನ ಕಾವಲುಗಾರನಾದಾನು.

ಸರಕಾರದ ಅಂಕೆಯು ಇದಕ್ಕೆ ಮದ್ದಲ್ಲ. ಆಜ್ಞೆಯಿಂದ ಒಂದು ಪುಟವನ್ನು ಅಳಿಸಬಹುದು; ಒಂದು ಪುಟವನ್ನು ಸತ್ಯವಾಗಿಸಲು ವಿಷಯ ಬಲ್ಲವನೇ ಬೇಕು. ಅಲ್ಲದೆ ಇಂದು ಸುಳ್ಳನ್ನು ಅಳಿಸಿದ ಕೈಯು ನಾಳೆ ಅಪ್ರಿಯವಾದ ಸತ್ಯವನ್ನು ಅಳಿಸಲಾರದೆಂದು ಹೇಳುವವರಾರು?

ಊರ ಕೆರೆಯು ಎಲ್ಲರದೆಂದು ನೀರಗಂಟಿಯನ್ನು ಬಿಟ್ಟವರುಂಟೆ? ನಮ್ಮ ವಿದ್ಯಾವಂತರು ಈ ಕೋಶದ ದೋಷಗಳನ್ನು ಕಚೇರಿಯ ಬಿಡುವಿನಲ್ಲಿ ಹೇಳಿ ನಗುವುದುಂಟು, ತಿದ್ದುವವರು ವಿರಳ. ಪ್ರತಿಯೊಬ್ಬರೂ ತಮ್ಮ ಊರಿನ, ತಮ್ಮ ವೃತ್ತಿಯ ಒಂದೊಂದು ಪುಟವನ್ನು ವಹಿಸಿಕೊಂಡು, ಪ್ರಕಟಿತ ಆಧಾರದೊಡನೆ ತಿದ್ದಿ, ವಾರಕ್ಕೊಮ್ಮೆ ನೋಡಿಕೊಂಡರೆ ಸಾಕು. ಕನ್ನಡದ ಮಕ್ಕಳು ನಾಳೆ ಓದಲಿರುವುದು ಈ ಪುಟಗಳನ್ನೇ ಎಂಬುದನ್ನು ವಾಚಕ ಮಹಾಶಯರು ಮರೆಯಲಾರರೆಂದು ನಂಬಿದ್ದೇವೆ.