ಸ್ತ್ರೀ ಆರೋಗ್ಯ: ಶಸ್ತ್ರಕ್ರಿಯೆಗೆ ಒಪ್ಪುವ ಮುನ್ನ

ಹೆಸರನ್ನು ಪ್ರಕಟಿಸಬಾರದೆಂಬ ಕೋರಿಕೆಯೊಡನೆ 23 ವರ್ಷದ ಸೋದರಿಯೊಬ್ಬರು ಬರೆದಿದ್ದಾರೆ: “ಇನ್ನೆರಡು ತಿಂಗಳಲ್ಲಿ ನನ್ನ ವಿವಾಹ. ಗುಪ್ತಾಂಗದ ಒಳತುಟಿಗಳು ಹೊರತುಟಿಗಳನ್ನು ಮೀರಿ ಚಾಚಿಕೊಂಡಿವೆ. ಒಂದು ದೊಡ್ಡದು, ಒಂದು ಚಿಕ್ಕದು. ನೋವೇನೂ ಇಲ್ಲ. ಶಸ್ತ್ರಕ್ರಿಯೆಯಿಂದ ಸರಿಪಡಿಸುವುದಾಗಿ ಜಾಹೀರಾತಿನಲ್ಲಿ ನೋಡಿದೆ. ಪತಿಯಾಗುವವರು ತಪ್ಪು ತಿಳಿದಾರೆಂಬ ಭಯ. ಅಮ್ಮನಿಗೂ ಹೇಳಲಾರೆ.”

ತಂಗಿ, ನೀವು ವರ್ಣಿಸಿರುವುದು ರೋಗವಲ್ಲ. ಪ್ರಾಯಕ್ಕೆ ಬರುವಾಗ ಈ ತುಟಿಗಳು ಬೆಳೆಯುತ್ತವೆ, ಬಣ್ಣ ಗಾಢವಾಗುತ್ತದೆ. ಎರಡೂ ಸಮನಾಗಿಲ್ಲದಿರುವುದು ತೀರ ಸಾಮಾನ್ಯ. 2005ರಲ್ಲಿ ಲಂಡನ್ನಿನ ವೈದ್ಯರು 50 ಮಂದಿ ಸ್ತ್ರೀಯರನ್ನು ಅಳೆದು ನೋಡಿದಾಗ, ಒಳತುಟಿಯ ಉದ್ದ 2ರಿಂದ 10 ಸೆಂಟಿಮೀಟರುಗಳವರೆಗೂ ಅಗಲ 7 ಮಿಲಿಮೀಟರುಗಳಿಂದ 5 ಸೆಂಟಿಮೀಟರುಗಳವರೆಗೂ ಇತ್ತು. ಮುಖ ಮುಖಕ್ಕೆ ಭೇದವಿರುವಂತೆ ಇಲ್ಲಿಯೂ ಉಂಟು. ಈ ಆಕಾರದಿಂದ ಹೆಣ್ಣಿನ ಶೀಲವನ್ನಾಗಲಿ, ತಾಯ್ತನದ ಶಕ್ತಿಯನ್ನಾಗಲಿ ಅಳೆಯುವುದು ಶುದ್ಧ ಅಜ್ಞಾನ.

ಈ ತುಟಿಗಳು ವ್ಯರ್ಥವಾದ ಚರ್ಮವೂ ಅಲ್ಲ. ಮೂತ್ರದ್ವಾರ, ಯೋನಿದ್ವಾರಗಳಿಗೆ ಅವು ಮರೆ. ನರಗಳಿಂದ ತುಂಬಿರುವುದರಿಂದ ಸುಖಸಂವೇದನೆಗೂ ಆಧಾರ.

ನಡೆಯುವಾಗ, ಸೈಕಲ್ ತುಳಿಯುವಾಗ ಉಜ್ಜಿ ಹುಣ್ಣಾಗುವುದು, ಸಮಾಗಮದಲ್ಲಿ ಒಳಕ್ಕೆಳೆದು ನೋಯುವುದು ಮುಂತಾದ ಬಾಧೆ ಕೆಲವರಿಗಿರುತ್ತದೆ. ಅಂಥವರೂ ಮೊದಲು ಚರ್ಮರೋಗವೋ ಸೋಂಕೋ ಇದೆಯೇ ಎಂದು ಪರೀಕ್ಷಿಸಿಕೊಳ್ಳಬೇಕು. ಸಡಿಲವಾದ ಹತ್ತಿಯ ಒಳಉಡುಪು ಧರಿಸಿ, ಆ ಭಾಗಕ್ಕೆ ಸುಗಂಧದ ಸಾಬೂನು ಹಾಕದೆ, ತೆಳುವಾಗಿ ವ್ಯಾಸಲೀನ್ ಸವರಿದರೆ ಎಷ್ಟೋ ಉಪಶಮನ ದೊರೆಯುವುದು. ಆಗಲೂ ಬಾಧೆ ನಿಲ್ಲದಿದ್ದರೆ ಶಸ್ತ್ರಕ್ರಿಯೆಯನ್ನು ಆಲೋಚಿಸಬಹುದು.

ಅದರಲ್ಲಿ ತುಟಿಯ ಅಂಚನ್ನಾಗಲಿ, ನಡುವಣ ತ್ರಿಕೋನಾಕಾರದ ಭಾಗವನ್ನಾಗಲಿ ಕತ್ತರಿಸಿ ಹೊಲಿಯುತ್ತಾರೆ. ಬಾವು ಹಲವು ವಾರಗಳಿದ್ದೀತು. ಸಮಾಗಮಕ್ಕೆ ಸುಮಾರು 6 ವಾರ ತಡೆ. ಪೂರ್ಣ ಮಾಗಲು ತಿಂಗಳುಗಳೇ ಬೇಕು. ರಕ್ತಸ್ರಾವ, ಸೋಂಕು, ಹೊಲಿಗೆ ಬಿಚ್ಚುವುದು, ಗಾಯದ ಕಲೆಯಲ್ಲಿ ನೋವು, ಸಂವೇದನೆಯಲ್ಲಿ ವ್ಯತ್ಯಾಸ, ಮತ್ತೊಮ್ಮೆ ಶಸ್ತ್ರಕ್ರಿಯೆ ಇವೆಲ್ಲ ಸಂಭವನೀಯ. ಮಾಡಿಸಿಕೊಂಡ ಅನೇಕರು ತೃಪ್ತರೆಂಬುದು ನಿಜ. ಆದರೆ ಇದರ ಸುರಕ್ಷತೆ, ಪ್ರಯೋಜನಗಳ ಬಗ್ಗೆ ಉತ್ತಮ ಮಟ್ಟದ ಪುರಾವೆ ಸಾಲದೆಂದು ಅಮೆರಿಕದ ಪ್ರಸೂತಿ ತಜ್ಞರ ಸಂಸ್ಥೆ 2020ರಲ್ಲಿ ಎಚ್ಚರಿಸಿದೆ. ಬೆಳವಣಿಗೆ ಮುಗಿಯದ, 18 ತುಂಬದ ಹುಡುಗಿಯರಿಗೆ ಇದು ಸಲ್ಲದೆಂದು ಬ್ರಿಟನ್ನಿನ ತಜ್ಞರು 2013ರಲ್ಲಿಯೇ ಹೇಳಿದ್ದಾರೆ.

ಮುಂದೆಂದಾದರೂ ಮಾಡಿಸಿಕೊಳ್ಳುವುದಾದರೆ ಶಸ್ತ್ರವೈದ್ಯರನ್ನು ಸಂಕೋಚವಿಲ್ಲದೆ ಕೇಳಿ: ಇಂಥವನ್ನು ನೀವೇ ಎಷ್ಟು ಮಾಡಿದ್ದೀರಿ? ಯಾವ ವಿಧಾನ? ತೊಂದರೆಯಾದರೆ ಯಾರು ನೋಡುವರು, ವೆಚ್ಚ ಯಾರದು? ಉತ್ತರಿಸಲು ಬೇಸರಪಡುವವರ ಕೈಗೆ ದೇಹವನ್ನು ಒಪ್ಪಿಸಬೇಡಿ.

ನಿಮಗಾದರೋ ನೋವಿಲ್ಲ, ಇರುವುದು ಭಯ. ಭಯಕ್ಕೆ ಕತ್ತರಿ ಔಷಧವಲ್ಲ. ಕತ್ತರಿಸಿದ್ದನ್ನು ಮರಳಿ ಜೋಡಿಸಲಾಗದು. ಮಾಗದ ಗಾಯದೊಡನೆ ಹಸೆಮಣೆ ಏರುವುದೂ ಬೇಡ. ಈ ವಾರವೇ ನಿಮ್ಮೂರಿನ ಸ್ತ್ರೀರೋಗ ತಜ್ಞೆಯೊಬ್ಬರಿಗೆ ತೋರಿಸಿ. ಸಾಧ್ಯವಾದರೆ ಅಮ್ಮನನ್ನೂ ಜೊತೆಗೆ ಕರೆದೊಯ್ಯಿರಿ. ಹೇಳಲಾರದ್ದೆಂದು ನೀವು ತಿಳಿದಿರುವ ಮಾತು ಅವರಿಗೆ ಹೊಸದಾಗಿರಲಾರದು.